ಒಂದೇ ಹುಲಿ, ಎರಡು ಮುಖ

ಗೋವಿನ ಹಾಡನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಪುಣ್ಯಕೋಟಿ, ಅದರ ಎಳೆಗರು, ಗೊಲ್ಲ ಕಾಳಿಂಗ, ಹಸಿದು ಕಾದು ಕುಳಿತ ಹುಲಿ ಅರ್ಬುತ, ಇವರನ್ನೆಲ್ಲ ಯಾರಿಗೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ನಾವು ಓದುವಾಗ ಹಾಡನ್ನು ಬಾಯಿಪಾಠ ಮಾಡಿ, ಕೊನೆಯಲ್ಲಿದ್ದ ಪ್ರಶ್ನೆಗಳಿಗೆ ಉತ್ತರ ಬರೆದರೆ ಪಾಠ ಮುಗಿಯುತ್ತಿತ್ತು. ಈಗ ಕೆಲವು ಶಾಲೆಗಳಲ್ಲಿ ಅದಾದ ಮೇಲೂ ಒಂದು ಕೆಲಸವಿರುತ್ತದೆ. ಮಕ್ಕಳಿಗೆ ಒಂದೊಂದು ಬಿಳಿ ಹಾಳೆ ಕೊಟ್ಟು, ಸ್ಕೇಲು ಹಿಡಿದು ನಾಲ್ಕು ಚೌಕ ಹಾಕಿಸಿ, ಪಾಠದ ಕಥೆಯನ್ನು ಅದರೊಳಗೆ ಬಿಡಿಸಿರಿ ಎಂದು ಟೀಚರ್ ಹೇಳುತ್ತಾರೆ. ಪುಸ್ತಕದ ಕಥೆ ಮಕ್ಕಳ ಕೈಯಲ್ಲಿ ಕಾಮಿಕ್ಸ್ ಆಗುತ್ತದೆ. ಒಂದೇ ರಬ್ಬರು ಮೂರು ಬೆಂಚು ಸುತ್ತುತ್ತದೆ. ಕೊಂಬು ಮೂಡುವವರೆಗೆ ಹಸು ನಾಯಿಯ ಹಾಗೇ ಕಾಣುತ್ತದೆ. ನಗು, ಜಗಳ, ಬಣ್ಣದ ಪೆನ್ಸಿಲಿನ ಕೊಡುಕೊಳ್ಳುವಿಕೆ ಎಲ್ಲವೂ ನಡೆಯುತ್ತದೆ.

ನೋಡಲು ಆಟದಂತಿದ್ದರೂ ಕೈ ಹಾಕಿದವರಿಗೆ ಇದರ ಕಷ್ಟ ತಿಳಿಯುತ್ತದೆ. ಹಾಡಿನಲ್ಲಿ ಹತ್ತಾರು ಘಟನೆಗಳು, ಹಾಳೆಯಲ್ಲಿ ನಾಲ್ಕೇ ಚೌಕಗಳು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಕಾಳಿಂಗನ ಕೊಳಲಿಗೇ ಎರಡು ಚೌಕ ಕೊಟ್ಟುಬಿಟ್ಟರೆ ಕರುವಿಗೆ ಹಾಲೂಡಿಸಲು ಜಾಗ ಸಾಲದು. ಮಾತಿನ ಗುಳ್ಳೆಯನ್ನು ಮೊದಲೇ ದುಂಡಗೆ ಬಿಡಿಸಿಟ್ಟವರಿಗೆ ಅಕ್ಷರ ಹಿಡಿಸುವುದಿಲ್ಲ. ಅರ್ಧ ಮಾತು ಒಳಗೆ, ಅರ್ಧ ಮಾತು ಹೊರಗೆ. ಮೊದಲು ಮಾತು ಬರೆದುಕೊಂಡು ಆಮೇಲೆ ಅದರ ಸುತ್ತ ಗೆರೆ ಎಳೆಯಬೇಕೆಂಬ ಉಪಾಯ ಒಬ್ಬರಿಗೆ ಹೊಳೆದರೆ ಇಡೀ ತರಗತಿಗೆ ಹಬ್ಬುತ್ತದೆ. ಮೊದಲು ಮಾತಾಡುವವರನ್ನು ಎಡಕ್ಕೆ ನಿಲ್ಲಿಸಬೇಕು, ಇಲ್ಲವಾದರೆ ಓದುವವರಿಗೆ ಪ್ರಶ್ನೆಗಿಂತ ಮುಂಚೆ ಉತ್ತರ ಸಿಗುತ್ತದೆ. ಓದುಬರಹದಲ್ಲಿ ಹಿಂದೆ ಎನಿಸಿಕೊಂಡ ಹುಡುಗ ಹುಲಿಯ ಪಟ್ಟೆಗಳನ್ನು ಸರಾಗವಾಗಿ ಎಳೆಯುತ್ತಾನೆ. ದುಂಡು ಅಕ್ಷರದ ಹುಡುಗಿ ಅವನ ಬಳಿ ಬಂದು, "ನಂಗೂ ಒಂದು ಹುಲಿ ಬಿಡಿಸ್ಕೊಡೋ, ನಿನ್ನ ಮಾತೆಲ್ಲ ನಾನು ಬರೀತೀನಿ" ಎನ್ನುತ್ತಾಳೆ. ಪರಸ್ಪರ ಸಹಾಯ ಎಂಬುದು ಅಲ್ಲಿ ಯಾರೂ ಹೇಳಿಕೊಡದೆ ನಡೆದುಹೋಗುತ್ತದೆ.

ಕಥೆಯನ್ನು ಹೀಗೆ ಚೌಕ ಚೌಕವಾಗಿ ಹೇಳುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಮಂಟಪದ ದಕ್ಷಿಣದ ಗೋಡೆಯಲ್ಲಿ ರಾಮಾಯಣ 70 ಫಲಕಗಳಲ್ಲಿ ಸಾಗುತ್ತದೆ. ಉತ್ತರದಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಅಕ್ಷರ ಬಾರದವರೂ ನಡೆಯುತ್ತ ನಡೆಯುತ್ತ ಓದಿಕೊಳ್ಳಬಹುದು. ನಮ್ಮ ಕಾಲಕ್ಕೆ ಬಂದರೆ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಟಿವಿಯ ರಸಪ್ರಶ್ನೆಯೊಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಆ ಕಳವಳದಿಂದ 1967ರಲ್ಲಿ ಅಮರ ಚಿತ್ರಕಥೆ ಮೂಡಿಬಂತು. ಶರದ್ ಶರ್ಮ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಇನ್ನೂ ಮುಂದೆ ಹೋಗಿ, ಚಿತ್ರಕಲೆ ಕಲಿಯದ ಸಾಮಾನ್ಯ ಜನರಿಂದಲೇ ಅವರವರ ಊರಿನ ಕಥೆಯನ್ನು ನಾಲ್ಕು ಚೌಕಗಳಲ್ಲಿ ಬಿಡಿಸಿತು. ಎರಡು ಹಾಳೆ ಜೋಡಿಸಿ, ಜೆರಾಕ್ಸ್ ಮಾಡಿಸಿ, ಊರವರು ಓಡಾಡುವ ಕಡೆ ಗೋಡೆಗೆ ಅಂಟಿಸುವುದು ಅವರ ಕ್ರಮ. ಶಿಲ್ಪಿ ಕೆತ್ತಿದ್ದನ್ನು ಹಿರಿಯರು ನೋಡಿದರು, ಕಲಾವಿದರು ಬಿಡಿಸಿದ್ದನ್ನು ನಾವು ಓದಿದೆವು. ಈಗ ಪೆನ್ಸಿಲು ಮಗುವಿನ ಕೈಗೇ ಬಂದಿದೆ. ಓದುವವರು ಕಥೆಯಲ್ಲಿ ಒಂದು ಮಾತನ್ನು ದಾಟಿ ಮುಂದಕ್ಕೆ ಹೋಗಬಹುದು. ಬಿಡಿಸುವವರಿಗೆ ಆ ಅನುಕೂಲವಿಲ್ಲ.

ಹುಲಿಯ ಬಳಿ ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಮೊದಲ ಚೌಕದ ಹುಲಿ ಸುಲಭ. ಹಲ್ಲು, ಉಗುರು, ಕೆಂಪು ನಾಲಿಗೆ, ಇಷ್ಟು ಎಲ್ಲ ಮಕ್ಕಳಿಗೂ ಬರುತ್ತದೆ. ಪೆನ್ಸಿಲು ತಡವರಿಸುವುದು ಕೊನೆಯ ಚೌಕದಲ್ಲಿ. ಕೊಟ್ಟ ಮಾತಿಗೆ ತಪ್ಪದೆ ಹಸು ಹಿಂತಿರುಗಿ ಬಂದು ನಿಂತಿದೆ, ಹುಲಿಯ ಮನಸ್ಸು ಕರಗಿದೆ. ಹಾಡಿನಲ್ಲಿ ಅದು ಮುಂದೆ ಪ್ರಾಣವನ್ನೇ ಬಿಡುತ್ತದೆ. ಅದಕ್ಕಿಂತ ಮುಂಚಿನ ಆ ಗಳಿಗೆಯಲ್ಲಿ ಅದರ ಮುಖ ಹೇಗಿದ್ದೀತು? ಹಲ್ಲು ಅಳಿಸಿದರೆ ಬೆಕ್ಕಾಗುತ್ತದೆ, ಹಾಗೇ ಬಿಟ್ಟರೆ ಇನ್ನೂ ತಿನ್ನಲು ಬಂದಂತಿರುತ್ತದೆ. "ಟೀಚರ್, ಹುಲಿ ಹೆಂಗೆ ಅಳುತ್ತೆ?" ಎಂದು ಮಗು ಕೇಳುತ್ತದೆ. ಬಲ್ಲ ಶಿಕ್ಷಕಿ ತಾವೇ ಬಿಡಿಸಿ ತೋರಿಸುವುದಿಲ್ಲ. "ತಪ್ಪು ಮಾಡ್ಬಿಟ್ಟೆ ಅನ್ನಿಸಿದಾಗ ನಿನ್ನ ಮುಖ ಹೇಗಾಗುತ್ತೆ, ನೆನಪು ಮಾಡ್ಕೋ" ಎನ್ನುತ್ತಾರೆ. ಮಗು ಯೋಚಿಸಿ ಹುಲಿಯ ಕಿವಿ ಇಳಿಸುತ್ತದೆ, ಹುಬ್ಬು ಬಾಗಿಸುತ್ತದೆ, ಕಣ್ಣನ್ನು ನೆಲದ ಕಡೆ ತಿರುಗಿಸುತ್ತದೆ. ಆದರೆ ಪಟ್ಟೆಗಳು ಮೊದಲಿನವೇ ಇರಬೇಕು, ಬಾಲ ಅಷ್ಟೇ ಉದ್ದವಿರಬೇಕು. ಇಲ್ಲವಾದರೆ ಇದು ಬೇರೆ ಹುಲಿ ಎಂದು ಪಕ್ಕದವರು ಆಕ್ಷೇಪಿಸುತ್ತಾರೆ. ಭಾವ ಬದಲಾದರೂ ಆಸಾಮಿ ಅದೇ ಎಂದು ಗುರುತು ಸಿಗಬೇಕಾದದ್ದು ಚಿತ್ರಕಥೆಯ ಮೊದಲ ನಿಯಮ. ಕ್ರೌರ್ಯ ತೋರಿದ ಜೀವವೇ ಪಶ್ಚಾತ್ತಾಪವನ್ನೂ ಪಡಬಲ್ಲದು ಎಂಬ ದೊಡ್ಡ ಮಾತನ್ನು ಮಗು ಈ ನಿಯಮ ಪಾಲಿಸುತ್ತಲೇ ಕಂಡುಕೊಳ್ಳುತ್ತದೆ. ಅದನ್ನೇ ನಾವು ಉಪದೇಶವಾಗಿ ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿತ್ತು.

ಸಂಸಾರದ ಓಡಾಟದಲ್ಲಿ ದೊಡ್ಡವರಾದ ನಾವು ಈ ನಿಯಮವನ್ನು ಮರೆಯುತ್ತೇವೆ. ಹಾಲಿನವನು ಒಂದು ದಿನ ತಡಮಾಡಿದರೆ ಅವನು ಸೋಮಾರಿ. ಸೊಸೆ ಒಂದು ಮಾತು ಎದುರಾಡಿದರೆ ಅವಳು ಜಗಳಗಂಟಿ. ಮಗ ಒಂದು ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡರೆ ದಡ್ಡ. ಒಂದೇ ಚೌಕ ನೋಡಿ ಇಡೀ ಕಥೆಗೆ ತೀರ್ಪು ಕೊಟ್ಟುಬಿಡುತ್ತೇವೆ. ಹಿಂದಿನ ಚೌಕದಲ್ಲಿ ಏನಿತ್ತು ಎಂದು ಕೇಳುವ ವ್ಯವಧಾನ ನಮಗಿರುವುದಿಲ್ಲ. ಮುಂದಿನದು ಇನ್ನೂ ಖಾಲಿ ಇದೆ, ಅಲ್ಲಿ ಏನೂ ಆಗಬಹುದು ಎಂಬ ನಂಬಿಕೆಯೂ ಉಳಿದಿರುವುದಿಲ್ಲ. ಮಕ್ಕಳ ಈ ಪಾಠವನ್ನು ಮನೆಗೂ ತಂದುಕೊಳ್ಳೋಣ. ಅವರು ತಂದು ತೋರಿಸಿದ ಹಾಳೆಯನ್ನು ನೋಡಿ "ಇದೇನು, ಹಸುವೋ ನಾಯಿಯೋ" ಎಂದು ನಗುವ ಬದಲು, "ಇಲ್ಲಿ ಏನಾಗ್ತಿದೆ, ಹೇಳು ಮರಿ" ಎಂದು ಕೇಳೋಣ. ಅಣ್ಣತಂಗಿಯರು ಕಿತ್ತಾಡಿಕೊಂಡು ದೂರು ತಂದಾಗ ಇಬ್ಬರಿಗೂ ಒಂದೊಂದು ಹಾಳೆ ಕೊಡೋಣ. ಹಳೆಯ ಕ್ಯಾಲೆಂಡರಿನ ಹಿಂಬದಿಯಾದರೂ ಸಾಕು. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ನಾಲ್ಕು ಚೌಕಗಳಲ್ಲಿ ಬಿಡಿಸಿ ತೋರಿಸಲಿ. ತನ್ನ ಮುಖದ ಜೊತೆಗೆ ಎದುರಿನವರ ಮುಖವನ್ನೂ ಬಿಡಿಸಲೇಬೇಕಾಗಿ ಬರುವುದರಿಂದ, ಹಾಳೆ ತುಂಬುವಷ್ಟರಲ್ಲಿ ಅರ್ಧ ಜಗಳ ತೀರಿರುತ್ತದೆ. ಉಳಿದರ್ಧ ತೀರಿಸುವುದು ನಮ್ಮ ಕೆಲಸ.