ಕಡೆಗೆ ಉಣ್ಣುವವರ ಪಾಲು

ಪಂಕ್ತಿಭೇದ ಮಾಡಬಾರದು ಅನ್ನೋ ಮಾತನ್ನ ನಾವೆಲ್ಲ ಸಣ್ಣವರಿದ್ದಾಗಿಂದ ಕೇಳಿಕೊಂಡು ಬಂದೇವಿ. ಜಾತ್ರೆಯಲ್ಲಿ, ಮಠದ ದಾಸೋಹದಲ್ಲಿ, ಸಪ್ತಾಹ ಮುಗಿದ ದಿವಸ ಊರೆಲ್ಲ ಸಾಲು ಹಿಡಿದು ಕೂತಾಗ, ಗೌಡರಿಗೆ ತುಪ್ಪ, ಬಡವರಿಗೆ ಬರೀ ಸಾರು ಅಂತ ಬಡಿಸಿದರೆ ಆ ಊಟ ದೇವರಿಗೆ ಮುಟ್ಟುವುದಿಲ್ಲ ಅಂತಾರ ಹಿರಿಯರು. ಖರೇ ಮಾತು. ಆದರೆ ದಿನಾ ನಮ್ಮ ಮನೆಯೊಳಗೆ ನಡೆಯುವ ಪಂಕ್ತಿಯ ಬಗ್ಗೆ ಯಾರೂ ಬಾಯಿ ತೆಗೆಯುವುದಿಲ್ಲ. ಅಲ್ಲಿ ಮೊದಲು ಗಂಡಸರು, ಅವರ ಸಂಗಡ ಹುಡುಗರು, ಆಮೇಲೆ ಮುದುಕರು, ಎಲ್ಲಾರದೂ ಆದ ಮೇಲೆ ರೊಟ್ಟಿ ಬಡಿದಾಕಿ. ಆಕಿ ಸಾಲಿನಾಗ ಕೂತೇ ಇಲ್ಲ. ಸಾಲಿನಾಗ ಇಲ್ಲದವರಿಗೆ ಭೇದ ಮಾಡಿದಂಗ ಹೆಂಗಾತು ಅಂತ ನಾವು ನಿಶ್ಚಿಂತಿ ಇದ್ದೇವಿ.

ವಾಚನಾಲಯದ ಹುಡುಗರು "ಅಜ್ಜಾ, ಏನರ ಒಂದು ವಿಚಾರದ ಮ್ಯಾಲ ಬರೀರಿ" ಅಂದರು. ನನಗೆ ಇದೇ ವಿಚಾರ ಬಹಳ ದಿವಸದಿಂದ ತಲ್ಯಾಗ ಕುಂತೈತಿ. ಅನ್ನ ಹಂಚುವಾಗ ಯಾವ ಲೆಕ್ಕ ಹಿಡಿಯಬೇಕು? ಮರ್ಯಾದಿಯ ಲೆಕ್ಕವೋ, ಯಾರಿಗೆ ಎಷ್ಟು ಬೇಕು ಅನ್ನೋ ಲೆಕ್ಕವೋ? ನಾನು ಏಳನೆತ್ತೆ ಕಲಿತವ. ಹೊಲ ಮಾಡಿಕೊಂಡು, ರಾತ್ರಿ ಭಜನಿ ಹಾಡಿಕೊಂಡು ಬಂದವ. ಮೈಯೊಳಗಿನ ಸಂಗತಿ ತಿಳಿದದ್ದು ಮೊಮ್ಮಕ್ಕಳ ವಿಜ್ಞಾನ ಪುಸ್ತಕದಿಂದ, ಇದೇ ವಾಚನಾಲಯದ ಪುಸ್ತಕಗಳಿಂದ, ಮತ್ತು ನಮ್ಮೂರ ಸಾಲಿ ಮಾಸ್ತರರನ್ನ ಕಾಡಿ ಕೇಳಿದ್ದರಿಂದ. ಓದಿದಂಗ ಓದಿದಂಗ ನನಗೆ ಒಂದು ಸೋಜಿಗ ಕಂಡಿತು. ನಾವು ಮನೆಯಲ್ಲಿ ಹಂಚುವ ಲೆಕ್ಕ ಬೇರೆ, ನಮ್ಮ ಹೊಟ್ಟೆಯೊಳಗೆ ಹಂಚುವ ಲೆಕ್ಕ ಬೇರೆ.

ಒಂದು ತುತ್ತು ಬಿಳಿಜೋಳದ ರೊಟ್ಟಿ, ಪಲ್ಲೆ ಹಚ್ಚದೆ, ಬಾಯಿಗೆ ಹಾಕಿಕೊಂಡು ಅವಸರ ಮಾಡದೆ ಅಗಿದು ನೋಡಿರಿ. ಸ್ವಲ್ಪ ಹೊತ್ತಿಗೆ ಸಿಹಿ ಹತ್ತತೈತಿ. ಸಕ್ಕರಿ ಹೊರಗಿನಿಂದ ಬಂದದ್ದಲ್ಲ. ನಮ್ಮ ಜೊಲ್ಲು ಜೋಳದ ಪಿಷ್ಟವನ್ನ ಒಡೆದು ಸಕ್ಕರಿ ಮಾಡಾಕ ಅಲ್ಲೇ ಸುರು ಮಾಡಿರತೈತಿ. ಅಲ್ಲಿಂದ ಜಠರಕ್ಕೆ ಇಳಿದರೆ ಅಲ್ಲಿ ಆಮ್ಲ ಐತಿ. ಹಿಟ್ಟು ನಾದಿದಂಗ ನಾದಿ ನಾದಿ ಅಂಬಲಿ ಮಾಡತೈತಿ. ಮುಂದೆ ಸಣ್ಣ ಕರುಳು. ಹೆಸರಿಗೆ ಸಣ್ಣದು, ಉದ್ದ ನೋಡಿದರೆ ಸುಮಾರು 20 ಅಡಿ. ಪಿತ್ತರಸ ಬಂದು ಜಿಡ್ಡನ್ನ ಚೂರು ಚೂರು ಮಾಡತೈತಿ, ಮೇದೋಜೀರಕ ಗ್ರಂಥಿಯ ರಸ ಬಂದು ಉಳಿದದ್ದನ್ನ ಒಡೀತೈತಿ. ಕರುಳಿನ ಒಳಮೈಗೆ ದಪ್ಪ ಟವೆಲ್ಲಿನ ಎಳಿಯಂಗ ಲಕ್ಷಗಟ್ಟಲೆ ಸಣ್ಣ ಸಣ್ಣ ಬೆರಳು ಅದಾವ. ಅವು ಸಾರವನ್ನ ಹೀರಿ ರಕ್ತಕ್ಕೆ ಕೊಡತಾವ. ಹೊಟ್ಟೆಗೆ ಬಿದ್ದದ್ದು ಇನ್ನೂ ನಮ್ಮದಲ್ಲ. ಆ ಬೆರಳು ದಾಟಿ ರಕ್ತಕ್ಕೆ ಸೇರಿದ್ದು ಅಷ್ಟೇ ನಮ್ಮದು. ಅದಕ್ಕೇ ನಮ್ಮ ಕಡೆ "ಉಂಡದ್ದು ಮೈಗೆ ಹತ್ತಬೇಕು" ಅಂತಾರ. ಹೊಟ್ಟೆ ತುಂಬೋದು ಒಂದು, ಮೈಗೆ ಹತ್ತೋದು ಇನ್ನೊಂದು.

ಕರುಳಿನಿಂದ ಹೊರಟ ರಕ್ತ ಮೊದಲು ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಹೋಗತೈತಿ. ಅದು ನಮ್ಮ ಮೈಯೊಳಗಿನ ಹಗೇವು. ಸುಗ್ಗಿಯಲ್ಲಿ ಜೋಳ ಹಗೇವಿಗೆ ಹಾಕಿ ಮುಚ್ಚಿ ಬೇಕಾದಾಗ ತೆಗೀತಿದ್ದೆವಲ್ಲ, ಹಂಗೇ ಉಂಡ ಹೊತ್ತಿಗೆ ಹೆಚ್ಚಾದ ಸಕ್ಕರಿಯನ್ನ ಅದು ಕೂಡಿಡತೈತಿ, ರಾತ್ರಿ ನಾವು ಮಲಗಿದಾಗ ಒಂದೊಂದು ಹಿಡಿಯಂಗ ಹೊರಗೆ ಬಿಡತೈತಿ. ಮಲಗಿದಾಗ ಯಾಕ ಬೇಕು ಅಂತ ಕೇಳಬಹುದು. ಎದಿ ಬಡೀಬೇಕು, ಉಸಿರಾಡಬೇಕು, ಮೈ ಬಿಸಿ ಇರಬೇಕು. ದುಡಿಯದೆ ಸುಮ್ಮನೆ ಬಿದ್ದುಕೊಂಡರೂ ಒಲಿ ಆರುವುದಿಲ್ಲ.

ಈಗ ಹಂಚಿಕೆ ನೋಡಿರಿ. ಮಿದುಳಿನ ತೂಕ ಮೈತೂಕದ 100ಕ್ಕೆ 2 ಪಾಲು. ಆದರೆ ಸುಮ್ಮನಿದ್ದಾಗ ಮೈ ಸುಡುವ ಶಕ್ತಿಯಲ್ಲಿ 100ಕ್ಕೆ ಸುಮಾರು 20 ಪಾಲು ಅದಕ್ಕೇ ಹೋಗತೈತಿ. ಇದನ್ನ ಓದಿದಾಗ ನಾನು ಅಂದುಕೊಂಡೆ, ನೋಡಪ್ಪಾ, ಇಲ್ಲಿಯೂ ಯಜಮಾನಗೇ ಮೊದಲ ತುತ್ತು. ಮಾಸ್ತರರು ನಕ್ಕು ಹೇಳಿದರು, "ಯಜಮಾನ ಅಂತಲ್ಲರೀ, ಅದಕ್ಕ ಕೂಡಿಟ್ಟುಕೊಳ್ಳಾಕ ಜಾಗಾನ ಇಲ್ಲ. ಸ್ನಾಯುವಿಗೆ ತನ್ನ ಗಂಟು ತನ್ನ ಹತ್ರ ಇರತೈತಿ, ಮಿದುಳಿಗೆ ಇಲ್ಲ. ದಿನಾ ಕೊಟ್ರಷ್ಟ ಬದಕತೈತಿ." ಅಂದರೆ ಹೆಚ್ಚು ಕೊಡೋದು ದೊಡ್ಡವ ಅಂತಲ್ಲ, ಇಲ್ಲದವ ಅಂತ! ನಾವು ಕುಂಟಿ ಹೊಡೆಯುವಾಗ ರಕ್ತ ತೋಳು ತೊಡಿಗೆ ಹೆಚ್ಚು ಹರೀತೈತಿ, ಉಂಡು ಕೂತಾಗ ಕರುಳಿಗೆ ಹೆಚ್ಚು ಹರೀತೈತಿ. ಯಾರು ದುಡೀತಾರೋ, ಯಾರಿಗೆ ಕೊರತಿ ಐತೋ ಅವರಿಗೆ. ಬಹಳ ದಿವಸ ಅನ್ನ ಸಿಗದಿದ್ದರೆ ಮೈ ತನ್ನ ಸ್ನಾಯುವನ್ನೇ ಕರಗಿಸಿ ಮಿದುಳನ್ನ ಕಾಯತೈತಿ.

ಆ ಕರಗೋದನ್ನ ನಾನು ಕಣ್ಣಾರೆ ಕಂಡೇನಿ. 1972ರ ಬರ ನಮ್ಮ ಜತ್ತ ತಾಲೂಕಿನ ಮುದುಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದುಷ್ಕಾಳದ ಕೆಲಸಕ್ಕೆ ಅಂತ ಖಡಿ ಒಡೆಯಾಕ ಊರೆಲ್ಲ ಹೋಗತಿತ್ತು, ನಾನೂ ಹುಡುಗ ಹೋಗತಿದ್ದೆ. ಪರದೇಶದ ಕೆಂಪು ಜೋಳ, ಮೈಲೋ ಅಂತಿದ್ದೆವು, ಅದನ್ನೇ ಉಂಡೆವು. ಕೆಲಸದ ಜಾಗದಲ್ಲಿ ಸುಕಡಿ ಅಂತ ಒಂದು ತಿನಿಸು ಕೊಡತಿದ್ದರು. ಗಂಡಸಿಗೆ ಗಂಡಸಿನ ಕೈಗೆ, ಹೆಣ್ಣುಮಕ್ಕಳಿಗೆ ಅವರ ಕೈಗೆ. ಸರಕಾರದ ಮನಿಷಾ ಬೇಕಾದರೆ ಎಲ್ಲಾರ ಪಾಲು ಯಜಮಾನನ ಕೈಯಾಗ ಇಡಬಹುದಿತ್ತು, ಇಡಲಿಲ್ಲ. ಆದರೆ ನಮ್ಮವ್ವ ತನ್ನ ಪಾಲಿನದನ್ನ ಅಲ್ಲೇ ತಿಂದದ್ದು ನಾ ನೋಡಲಿಲ್ಲ. ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬರತಿದ್ದಳು, ತಮ್ಮಂದಿರಿಗೆ.

ಇದು ಪ್ರೀತಿ ಅಲ್ಲೇನು? ಪ್ರೀತಿಯೇ. ನಾನು ಊರೂರಿಗೆ ಹೋಗಿ ತಾಯಿಯ ಮೇಲಿನ ಪದ ಹಾಡುವವ. ತಾನು ಉಪವಾಸ ಇದ್ದು ಕೂಸಿಗೆ ಉಣಿಸಿದ ತಾಯಿ ಅಂತ ಬಂದ ಕೂಡಲೇ ಗಂಡಸರೇ ಮೊದಲು ಕಣ್ಣು ಒರೆಸಿಕೊಳ್ಳತಾರ. ಒಮ್ಮೆ ಉಮದಿ ಕಡೆಯ ಒಂದು ಹಳ್ಳಿಯಲ್ಲಿ ಹಾಡು ಮುಗಿದ ಮೇಲೆ ಒಬ್ಬ ಮುದುಕಿ ಹತ್ತಿರ ಬಂದು, "ಯಪ್ಪಾ, ಪದ ಭಾಳ ಛಲೋ ಹಾಡಿದಿ. ಅತ್ತವರು ಮನಿಗೆ ಹೋಗಿ ಮತ್ತ ನಮಗಿಂತ ಮೊದಲೇ ಉಣ್ಣತಾರ ನೋಡು" ಅಂದಳು. ನಗುತ್ತಲೇ ಅಂದಳು. ನನ್ನ ಸಂಗಡ ತಾಳ ಹಾಕುವವರೂ ನಕ್ಕರು. ಆ ಮಾತು ಮಾತ್ರ ನನ್ನನ್ನ ಬಿಡಲಿಲ್ಲ.

ನನ್ನ ವಿಚಾರ ಇಷ್ಟು. ಕೊಡುವುದು ಪುಣ್ಯ ಆಗಬೇಕಾದರೆ ಕೊಡದೆ ಇರುವ ಅಧಿಕಾರವೂ ಕೈಯಲ್ಲಿ ಇರಬೇಕು. ನನ್ನ ಕಣಜದ ಜೋಳ ನಾ ಕೊಟ್ಟರೆ ದಾನ; ಕೇಳದೆ ಯಾರೋ ಒಯ್ದು "ಎಂಥಾ ದಾನಿ ನೀ" ಅಂತ ಹೊಗಳಿದರೆ ಅದಕ್ಕೆ ಬೇರೆ ಹೆಸರು ಐತಿ. ಕಡೆಗೆ ಉಣ್ಣುವ ಹೆಣ್ಣುಮಗಳು ಒಂದು ದಿವಸ ಮೊದಲು ಉಂಡು ನೋಡಲಿ, ಮನೆಯಲ್ಲಿ ಏನು ಮಾತು ಬರತೈತಿ ಎಲ್ಲಾರಿಗೂ ಗೊತ್ತು. ಹಂಗಿದ್ದ ಮೇಲೆ ಅದನ್ನ ತ್ಯಾಗ ಅಂತ ಕರೆಯೋದು ನಮಗೆ ಅನುಕೂಲ, ಆಕೆಗೆ ಅಲ್ಲ.

ಕಡೆಗೆ ಉಂಡರೇನಾತು, ಬುಟ್ಟಿಯಲ್ಲಿ ರೊಟ್ಟಿ ಉಳಿದೇ ಇರತಾವಲ್ಲ ಅನ್ನುವವರು ಅದಾರ. ರೊಟ್ಟಿ ಉಳಿಯತಾವ, ಖರೆ. ಉಳಿಯದೆ ಇರೋದು ಬ್ಯಾಳಿ, ಕಾಳಿನ ಪಲ್ಲೆ, ಮೊಸರು. ಆಕಿ ರೊಟ್ಟಿಗೆ ಖಾರ, ಎಣ್ಣಿ ಹಚ್ಚಿಕೊಂಡು ಹೊಟ್ಟೆ ತುಂಬಿಸಿಕೊಳ್ಳತಾಳ. ಜೋಳದಲ್ಲಿ ಶಕ್ತಿ ಐತಿ, ಆದರೆ ಮೈ ಕಟ್ಟುವ ಪ್ರೋಟೀನಿನ ಒಂದು ಮುಖ್ಯ ಅಂಶ, ಲೈಸಿನ್ ಅನ್ನೋದು, ಅದರಲ್ಲಿ ಕಮ್ಮಿ. ಅದು ತೊಗರಿ, ಹೆಸರು, ಮಡಕಿ ಕಾಳಿನಲ್ಲಿ ಬೇಕಾದಷ್ಟು ಐತಿ. ರೊಟ್ಟಿಯ ಸಂಗಡ ಬ್ಯಾಳಿ ಇರಬೇಕು ಅಂತ ಹಿರಿಯರು ಪುಸ್ತಕ ಓದದೆ ಕಂಡುಕೊಂಡಿದ್ದರು. ಆ ಜೋಡಿಯೊಳಗೆ ಒಂದನ್ನ ನಾವು ಮೊದಲೇ ಉಂಡು ಎದ್ದಿರತೇವಿ.

ಕಬ್ಬಿಣದ ಸಂಗತಿ ಇನ್ನೂ ಕಠಿಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಹೇಳಿದ ಪ್ರಕಾರ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29. ತಿಂಗಳಿಗೊಮ್ಮೆ ರಕ್ತ ಹೋಗುವ ಮೈಗೆ ಹೆಚ್ಚು ಬೇಕಾಗುವುದು ಸಹಜ. ಹಂಗಾದರೆ ಹಸಿರು ಸೊಪ್ಪಿನ ಪಲ್ಲೆ, ಕಾಳು, ಮಾಂಸ ಉಣ್ಣುವ ಮನೆಯಲ್ಲಿ ಮಾಂಸದ ತುಂಡು, ಯಾರ ತಾಟಿಗೆ ಹೆಚ್ಚು ಬೀಳಬೇಕಿತ್ತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತ ಕಮ್ಮಿ ಅಂತ ಬಂತು. ಗಂಡಸರಲ್ಲಿ 25. ಈ ಅಂತರ ಎಲ್ಲಾ ಊಟದ ಪಾಳಿಯಿಂದಲೇ ಬಂದದ್ದು ಅಂತ ನಾ ಹೇಳೂದಿಲ್ಲ, ಹೆರಿಗೆ, ಜಂತುಹುಳ ಇನ್ನೂ ಎಷ್ಟೋ ಕಾರಣ ಅದಾವ. ಆದರೆ ಬೇಕಾದವರಿಗೇ ಕಮ್ಮಿ ಸಿಗುವ ಮನೆಯಲ್ಲಿ ಆ ಅಂತರ ಹೆಂಗ ತುಂಬೀತು? ಅದರ ಮೇಲೆ ಚಹಾ. ಜೋಳ, ಸಜ್ಜಿಯೊಳಗಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಲಿಂಬಿಹುಳಿ, ಟೊಮ್ಯಾಟೊ, ನೆಲ್ಲಿಕಾಯಿ ಸಂಗಡ ಇದ್ದರೆ ಹೆಚ್ಚು ಹತ್ತತೈತಿ, ಊಟದ ಹಿಂದೆ ಚಹಾ ಕುಡಿದರೆ ಇನ್ನೂ ಕಮ್ಮಿ. ಎಲ್ಲಾರ ಊಟ ಮುಗಿಯುವ ತನಕ ಹಸಿವು ತಡೆಯಾಕ ಅಂತ ನಮ್ಮ ಹೆಣ್ಣುಮಕ್ಕಳು ಕುಡಿಯುವುದು ಇದೇ ಚಹಾ. ಒಂದು ತಾಸು ಬಿಟ್ಟು ಕುಡಿಯಿರಿ ಅಂತ ಆಶಾ ತಾಯಿ ಹೇಳತಾಳ. ತಾಸು ಬಿಡಾಕ ಆಕಿಗೆ ಯಾರು ಬಿಡತಾರ?

ಹಿರಿಯರ ಪದ್ಧತಿಗೆ ಅರ್ಥವೇ ಇರಲಿಲ್ಲ ಅಂತ ಅನ್ನಲಾರೆ. ನಾಕೆತ್ತಿನ ನೇಗಿಲು ಹೊಡೆದು ಬಂದವ ಮೊದಲು ಉಣ್ಣಲಿ ಅಂದದ್ದು ಬೇಕಾದಷ್ಟರ ಲೆಕ್ಕವೇ ಇದ್ದೀತು. ಈಗ ನೇಗಿಲು ಟ್ರ್ಯಾಕ್ಟರ್ ಹೊಡೀತೈತಿ. ಕಸ ತೆಗೆಯೋದು, ಜೋಳ ಕೊಯ್ಯೋದು, ದ್ರಾಕ್ಷಿ ತೋಟದ ಕೆಲಸ, ಬಿಸಿಲಾಗ ನೀರು ಹೊರೋದು, ಇವೆಲ್ಲ ಯಾರು ಮಾಡತಾರ ಅನ್ನೋದು ಮುಂಜಾನೆ ಎಂಟಕ್ಕೆ ಕೂಲಿ ಗಾಡಿ ನೋಡಿದರೆ ಗೊತ್ತಾಗತೈತಿ. ಅದೇ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಮಧ್ಯಮ ದುಡಿಮೆಯ ಗಂಡಸಿಗೆ ದಿನಕ್ಕೆ 2710 ಕ್ಯಾಲೊರಿ ಬೇಕು, ಕಠಿಣ ದುಡಿಮೆಯ ಹೆಂಗಸಿಗೆ 2720. ಕಾರಣ ಹೋಯಿತು, ಪದ್ಧತಿ ಉಳಿಯಿತು.

ಒಬ್ಬ ಗೆಳೆಯ ನನಗೆ ಒಂದು ತಿರುಗುಬಾಣ ಹೊಡೆದ. "ನೀ ಮೈಯ ನ್ಯಾಯ ಹೇಳತಿ. ಬಸುರಿ ಮೈಯಾಗ ಏನಾಗತೈತಿ? ಕೂಸಿಗೆ ಸುಣ್ಣ ಕಮ್ಮಿ ಬಿದ್ರ ತಾಯಿ ಎಲುವಿನಿಂದ ತಗೊಂಡು ಕೂಸಿಗೆ ಕೊಡತೈತಿ. ದೇವರೇ ತಾಯೀನ ಕಡೆಗೆ ಇಟ್ಟಾನ." ಇದಕ್ಕೆ ನಾ ಬಹಳ ದಿವಸ ತಲಿ ಕೆಡಿಸಿಕೊಂಡೆ. ಹೌದು, ಮೈ ತಾಯಿಯಿಂದ ತೆಗೆದು ಕೂಸಿಗೆ ಕೊಡತೈತಿ. ಆದರೆ ಅದು ಸಾಲ. ಹಗೇವಿನಿಂದ ತೆಗೆದದ್ದನ್ನ ಮುಂದಿನ ಸುಗ್ಗಿಗೆ ತುಂಬಬೇಕು. ತುಂಬುವ ಕೆಲಸ ಮೈಯಿಂದ ಆಗೋದಲ್ಲ, ಅದು ಹೊರಗಿನ ಕೆಲಸ, ಮನೆಯವರದು. ಒಳಗೆ ಮೊದಲೇ ಅಷ್ಟು ಕೊಟ್ಟಾಕೆಗೆ ಹೊರಗೂ ಕಡೆಗೇ ಕೊಡತೇವಿ ಅಂದರೆ ಸಾಲ ತೀರುವುದು ಯಾವಾಗ? ನಮ್ಮ ಕಡೆ ಇನ್ನೊಂದು ಮಾತು ಐತಿ, ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗಿ ಕಠಿಣ ಆಗತೈತಿ ಅಂತ. ಆಕೆಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು, ಮೊದಲ ಆರು ತಿಂಗಳು ಹಾಲುಣಿಸುವಾಗ 600. ಆ ಮಾತು ಕೇಳಿ ಕಮ್ಮಿ ಉಂಡವರ ಕೂಸು ತೂಕ ಕಮ್ಮಿಯಾಗಿ ಹುಟ್ಟತಾವ. ಅತ್ತೆಂದಿರು ದಯವಿಟ್ಟು ಇದನ್ನ ಎರಡು ಸಲ ಓದಿಸಿಕೊಳ್ಳಬೇಕು.

ಹಂಗಾದರೆ ಮಾಡೋದೇನು ಅಂತ ಮಾಸ್ತರರು ಕೇಳಿದರು. ಹೆಂಗಸರು ಮೊದಲು ಉಣ್ಣಲಿ ಅಂತ ಹುಕುಂ ಮಾಡಬಹುದು. ನಾ ನನ್ನ ಹೆಂಡತಿಗೆ ಅಂದೆ. "ನಿಮಗಿಂತ ಮೊದಲ ನಾ ಹೆಂಗ ಉಣ್ಣಲಿ? ಮಂದಿ ಏನಂದಾರು?" ಅಂದಳು. ನನ್ನ ಮಾತಿಗೆ ಹೂಂ ಅಂತ ಉಂಡಿದ್ದರೆ ಅದೂ ನನ್ನ ಮಾತೇ ನಡೆದಂಗಾತು, ಆಕೆಯದು ಅಲ್ಲ. ಈ ತೊಡಕು ನನಗೆ ಪೂರಾ ಬಿಡಿಸಾಕ ಬಂದಿಲ್ಲ.

ಆದರೆ ಹೊಲದಲ್ಲಿ ನೋಡಿರಿ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರೆ ಗಂಡಸು, ಹೆಂಗಸು, ಕೂಲಿಯವರು ಎಲ್ಲಾ ಕೂಡಿಯೇ ಕೂಡತೇವಿ. ಅಲ್ಲಿ ಯಾರ ಮರ್ಯಾದಿಯೂ ಹೋಗುವುದಿಲ್ಲ. ಸಾಲಿಯಲ್ಲಿ ಮಧ್ಯಾಹ್ನದ ಖಿಚಡಿಗೆ ಹುಡುಗರು ಹುಡುಗಿಯರು ಒಂದೇ ಸಾಲು, ಒಂದೇ ಸವಟು. ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ಸಾಲು ಎರಡಾಗತೈತಿ. ಯಾಕ ಅಂತ ಹುಡುಕಿದರೆ ಕಾರಣ ಬಿಸಿ ರೊಟ್ಟಿ! ಹಂಚಿನಿಂದ ಇಳಿದದ್ದು ಇಳಿದಂಗ ತಾಟಿಗೆ ಬೀಳಬೇಕು ಅನ್ನೋ ಬಾಯಿಚಪಲಕ್ಕೆ ಬಡಿಯಾಕಿ ಒಲಿ ಮುಂದೇ ಇರಬೇಕು. ಕಟಕ ರೊಟ್ಟಿ ಮಾಡಿ ವಾರಗಟ್ಟಲೆ ಇಟ್ಟುಕೊಂಡು ಉಣ್ಣುವ ನಾಡಿನವರು ನಾವು, ನಮಗೆ ಈ ನೆವ ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಹೋದ ಸುಗ್ಗಿಯಿಂದ ರೊಟ್ಟಿ ಎಲ್ಲಾ ಬಡಿದು ಮುಗಿಸಿ, ಬುಟ್ಟಿ, ಬ್ಯಾಳಿಗಡಿಗಿ, ಮೊಸರು ನಡುವೆ ಇಟ್ಟು ಸುತ್ತ ಕೂಡತೇವಿ. ಬಿಸಿ ಬೇಕು ಅನ್ನುವವರು ತಾವೇ ಎದ್ದು ಹಂಚಿನ ಮೇಲೆ ಹಾಕಿಕೊಳ್ಳಬೇಕು. ಮೊದಲ ವಾರ ಮಗ ಗೊಣಗಿದ, ಈಗ ಸುಮ್ಮನಾಗ್ಯಾನ. ಸೊಸಿ ಮೊಸರು ಬಡಿಸಿಕೊಳ್ಳುವಾಗ ಇನ್ನೂ ಒಮ್ಮೆ ಅತ್ತಿಯ ಮುಖ ನೋಡತಾಳ. ಅತ್ತಿ ಅಂದರೆ ನನ್ನ ಹೆಂಡತಿ, ಆಕಿ ಸಾಲಿನಾಗ ಕೂತರೂ ನಾ ಎರಡು ತುತ್ತು ಉಂಡ ಮೇಲೇನೇ ತಾಟಿಗೆ ಕೈ ಹಾಕತಾಳ.