ಮಾಡಿದವರು ಯಾರು, ಉಣ್ಣುವವರು ಯಾರು

'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯನ್ನು ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ಹೇಳುವುದು ರೂಢಿ. ಮಾಡುವವನೂ ಉಣ್ಣುವವನೂ ಒಬ್ಬನೇ ಎಂಬ ನಂಬಿಕೆ ಅದರ ಒಡಲಲ್ಲಿದೆ. ಆ ನಂಬಿಕೆ ಮುರಿಯುವುದನ್ನು ಉಡುಪಿ ಜಿಲ್ಲೆಯ ಕಾಪುವಿನ ಕಡಲತೀರದಲ್ಲಿ ಕಾಣಬಹುದು. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದೊಯ್ಯುತ್ತವೆ, ಮಳೆ ಕಳೆದ ಮೇಲಿನ ಶಾಂತ ಅಲೆಗಳು ಬಹುಪಾಲನ್ನು ಮರಳಿ ತರುತ್ತವೆ. ಒಂದಷ್ಟು ತೀರದುದ್ದಕ್ಕೂ ಊರಿಂದೂರಿಗೆ ಸಾಗುತ್ತದೆ. ಮೂಳೂರು, ಎರ್ಮಾಳು, ಪಡುಬಿದ್ರಿಗಳಲ್ಲಿ ಕಡಲ್ಕೊರೆತ ಹೆಚ್ಚಿದಾಗ ಲಾರಿಗಟ್ಟಲೆ ಬಂಡೆ ಸುರಿದು ತಡೆಗೋಡೆ ಕಟ್ಟುತ್ತಾರೆ. ಗೋಡೆಯ ಹಿಂದಿನ ಮನೆ, ತೆಂಗು ಉಳಿಯುತ್ತವೆ. ಆದರೆ ಬಂಡೆಗೆ ಬಡಿದು ಹಿಂದಿರುಗುವ ಅಲೆ ಗೋಡೆಯ ಬುಡದ ಮರಳನ್ನೇ ಕೊರೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ಹಿತ್ತಲಿಗೆ ನುಗ್ಗುತ್ತದೆ. ದಂಡೆಯೇ ಕರಗಿದರೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವ ಮೊಗವೀರ ಮೀನುಗಾರರಿಗೆ ಕಾಲೂರಲು ಜಾಗವಿಲ್ಲ.

ಹಾಗಾದರೆ ಮನೆ ಕಡಲ ಪಾಲಾಗುವಾಗ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ, ಪಕ್ಕದ ಹಿತ್ತಲನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಗೋಡೆ ಕಟ್ಟಬೇಕು. ಪ್ರಕೃತಿಗೆ ಕೈಹಾಕದ ಬದುಕು ಈ ನಾಡಿನಲ್ಲಿ ಎಂದೂ ಇರಲಿಲ್ಲ. ಕಾರ್ಕಳದ ಕಡೆಯ ತೋಡುಗಳಿಗೆ ಮಳೆ ನಿಂತ ಮೇಲೆ ಊರವರು ಮಣ್ಣು, ಕಲ್ಲು ಸೇರಿಸಿ ಹಾಕುತ್ತಿದ್ದ ಕಟ್ಟಗಳು ಹರಿವನ್ನೇ ತಡೆಯುತ್ತಿದ್ದವು. ನಾನು ಅವನ್ನು ಒಪ್ಪುವುದು ಹಳೆಯವೆಂಬ ಕಾರಣಕ್ಕಲ್ಲ. ಅವುಗಳ ಒಳಿತು ಕೆಡುಕು ತಟ್ಟುತ್ತಿದ್ದದ್ದು ಕಟ್ಟಿದವರದೇ ಬಾವಿಗೆ, ಅಡಕೆ ತೋಟಕ್ಕೆ. ಕೆಳಗಿನ ಗದ್ದೆಯವರು ತಕರಾರಿದ್ದರೆ ಅಂದೇ ಬಂದು ಹೇಳಬಲ್ಲಷ್ಟು ಹತ್ತಿರದವರು. ಲೆಕ್ಕ ತಪ್ಪಿದರೆ ಒಂದೇ ಬೆಳಗ್ಗೆ ಬಿಚ್ಚಬಹುದಿತ್ತು, ಬಿಚ್ಚದಿದ್ದರೂ ಮುಂದಿನ ಮಳೆಗಾಲ ಕೊಚ್ಚಿಕೊಂಡು ಹೋಗುತ್ತಿತ್ತು.

ಯಾರಿಗೆ ತಟ್ಟುತ್ತದೆ, ತಪ್ಪಿದರೆ ಬಿಚ್ಚಬಹುದೇ ಎಂಬ ಇದೇ ಅಳತೆಗೋಲನ್ನು ಆಕಾಶಕ್ಕೂ ಹಿಡಿಯಬೇಕು. 2017ರ 'ವರ್ಷಧಾರಿ' ಯೋಜನೆಯಲ್ಲಿ ಕರ್ನಾಟಕ ಸರ್ಕಾರ ಮಾಡಿಸಿದ ಮೋಡ ಬಿತ್ತನೆಯ ಪ್ರಭಾವ ಕೆಲವು ಗಂಟೆಗಳದ್ದು. ಭೂಮಿಯನ್ನೇ ತಂಪಾಗಿಸಲು ವಾಯುಮಂಡಲದ ಮೇಲ್ಪದರಕ್ಕೆ ಗಂಧಕದ ಕಣ ಸಿಂಪಡಿಸುವ ಪ್ರಸ್ತಾಪ ಅಂಥದ್ದಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿ ಗಂಧಕ ಉಗುಳಿದಾಗ ಜಗತ್ತು ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಮರುವರ್ಷ ನೆಲದ ಮೇಲೆ ಬೀಳುವ ಮಳೆಯೂ ತಗ್ಗಿತು. ಅಂಥ ಏರುಪೇರು ತಟ್ಟುವುದು ಯಾರಿಗೆ? ಉಡುಪಿ, ಮಣಿಪಾಲಗಳು ಕುಡಿಯಲು ಬಹುಕಾಲದಿಂದ ನೆಚ್ಚಿಕೊಂಡಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯ ನೀರನ್ನು. ಜೂನ್ ಮಳೆ ತಡವಾದರೆ ಇಲ್ಲಿನವರ ನಲ್ಲಿ ಒಣಗುತ್ತದೆ; ಎಲ್ಲೋ ದೂರದಲ್ಲಿ ಸಿಂಪಡಣೆಯ ತೀರ್ಮಾನ ಮಾಡುವವರದಲ್ಲ. ಬಿಸಿಯೇರಿಕೆಯ ಕಹಿಯನ್ನೂ ಮಾಡದವರೇ ಉಣ್ಣುತ್ತಿದ್ದಾರಲ್ಲ ಎಂಬ ಆಕ್ಷೇಪ ಬಲವಾದದ್ದು, ನಿಜವೂ ಹೌದು. ಆದರೆ ಹೊಗೆ ನಿಲ್ಲಿಸದೆ ಸಿಂಪಡಣೆಯನ್ನಷ್ಟೇ ನೆಚ್ಚಿಕೊಂಡರೆ, ಯುದ್ಧಕ್ಕೋ ಹಣದ ಮುಗ್ಗಟ್ಟಿಗೋ ಅದು ನಿಂತಾಗ, ದಶಕಗಳಿಂದ ಅಡಗಿಸಿಟ್ಟ ಬಿಸಿ ಕೆಲವೇ ವರ್ಷಗಳಲ್ಲಿ ಮೇಲೇಳುತ್ತದೆ. ಅದನ್ನು ಉಣ್ಣಬೇಕಾದವರು ಇಂದು ಬೇಡ ಎನ್ನಲು ಇನ್ನೂ ಹುಟ್ಟಿಯೇ ಇಲ್ಲ.