ಮೊಸರಿನೊಳಗೆ ಬೆಣ್ಣೆ ಇತ್ತೇ?

ಆತ್ಮದ ವಿಷಯ ಬಂದಾಗಲೆಲ್ಲ ಪ್ರವಚನಕಾರರು ಮೊಸರು ಕಡೆಯತೊಡಗುತ್ತಾರೆ. ಶ್ವೇತಾಶ್ವತರ ಉಪನಿಷತ್ತೇ ಎಳ್ಳಿನೊಳಗಿನ ಎಣ್ಣೆಯನ್ನೂ ಮೊಸರಿನೊಳಗಿನ ತುಪ್ಪವನ್ನೂ ತೋರಿಸಿರುವಾಗ ಅವರನ್ನು ದೂರುವಂತಿಲ್ಲ. ಆದರೂ ಸಾಗರದ ಕಡೆಯ ತೋಟದ ಮನೆಗೆ ಸೊಸೆಯಾಗಿ ಬಂದು, ಬೆಳಗಾದರೆ ಕಡೆಗೋಲಿನ ಹಗ್ಗ ಹಿಡಿಯುವ ನನಗೆ ಆ ಮಾತು ತೀರಾ ಸಲೀಸಾಗಿ ಕೇಳಿಸುತ್ತದೆ.

ಬೆಣ್ಣೆ ಮೊದಲೇ ಇತ್ತೋ, ಕಡೆದ ಮೇಲೆ ಹುಟ್ಟಿತೋ? ಇತ್ತು ಎನ್ನುತ್ತದೆ ಸಾಂಖ್ಯ. ಇಲ್ಲದ್ದು ಹುಟ್ಟುವಂತಿದ್ದರೆ ನೀರು ಕಡೆದೂ ಬೆಣ್ಣೆ ತೆಗೆಯಬಹುದಿತ್ತಲ್ಲ. ನೈಯಾಯಿಕರು ಒಪ್ಪುವುದಿಲ್ಲ: ಮೊದಲೇ ಇದ್ದರೆ ಕಡೆಯುವ ಕಷ್ಟ ಯಾತಕ್ಕೆ? ರಟ್ಟೆ ನೋಯುವ ದಿನ ನಾನು ನೈಯಾಯಿಕರ ಪಕ್ಷ.

ಮೊಸರಿನಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಹನಿಗಳು. ಒಂದೊಂದಕ್ಕೂ ತೆಳ್ಳನೆಯ ಪೊರೆ. ಹಾಗಾಗಿ ಒಂದಕ್ಕೊಂದು ಅಂಟುವುದಿಲ್ಲ. ಕಡೆದಾಗ ಪೊರೆ ಹರಿದು ಹನಿಗಳು ಕೂಡಿಕೊಳ್ಳುತ್ತವೆ, ಅದೂ ಹದ ಸಿಕ್ಕಿದರೆ. ಏಪ್ರಿಲ್ ಸೆಕೆಯಲ್ಲಿ ಕೊಡದ ತಣ್ಣೀರು ಹೊಯ್ಯದಿದ್ದರೆ ಬೆಣ್ಣೆ ಜಿಡ್ಡಾಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಚಳಿಗಾಲದಲ್ಲಿ ಒಂದಿಷ್ಟು ಬಿಸಿನೀರು ಬೀಳದಿದ್ದರೆ ಎಷ್ಟು ಕಡೆದರೂ ಕೂಡಿ ಬರದು. ಅತ್ತೆ ಗಡಿಗೆಯೊಳಗೆ ಇಣುಕುವುದೇ ಇಲ್ಲ. ಅಡುಗೆ ಒಲೆಯ ಮುಂದಿಂದಲೇ ಸದ್ದು ಬದಲಾದದ್ದನ್ನು ಕೇಳಿ "ಸಾಕು, ಬಂತು" ಎನ್ನುತ್ತಾರೆ. ನೋಡಿದರೆ ಮೇಲೆ ರವೆಯಂಥ ಕಾಳು.

13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಕೃಷ್ಣನಿಗೆ ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. ಆ ಆಚಾರ್ಯರ ಸದಸತ್ಕಾರ್ಯವಾದವೇ ನನ್ನ ಗಡಿಗೆಗೆ ಹತ್ತಿರ: ಕಾರ್ಯ ಹುಟ್ಟುವ ಮೊದಲು ಕಾರಣದ ರೂಪದಲ್ಲಿ ಇರುತ್ತದೆ, ತನ್ನ ರೂಪದಲ್ಲಿ ಇರುವುದಿಲ್ಲ. ಕೊಬ್ಬು ಇತ್ತು, ಬೆಣ್ಣೆ ಇರಲಿಲ್ಲ.

ನನ್ನ ತಕರಾರು ಇನ್ನೂ ಇದೆ. ಪ್ರವಚನದಲ್ಲಿ ಬೆಣ್ಣೆ ಬಂದ ಕೂಡಲೇ ಕಥೆ ಮುಗಿಯುತ್ತದೆ. ಆತ್ಮ ಸಿಕ್ಕಿತು, ಉಳಿದದ್ದು ಸಂಸಾರ, ಅದನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಬೆಣ್ಣೆ ಕಾಯಿಸಿದ ತುಪ್ಪ ದೇವರ ದೀಪಕ್ಕೆ, ನೆಂಟರ ಎಲೆಗೆ. ದಿನದ ಹೊಟ್ಟೆ ತಣಿಸುವುದು ಮಜ್ಜಿಗೆ. ಕೊನೆಕೊಯ್ಲಿಗೆ ಬಂದವರು ಚೊಂಬುಗಟ್ಟಲೆ ಕುಡಿಯುವುದು ಅದನ್ನೇ, ತಂಬುಳಿಗೆ ಬೇಕಾದದ್ದೂ ಅದೇ. ನಾಳಿನ ಹಾಲಿಗೆ ಹೆಪ್ಪು ಹಾಕಲೂ ಅದೇ ಬೇಕು, ತುಪ್ಪ ನಡೆಯದು. ಅಷ್ಟೇ ಅಲ್ಲ, ಎಷ್ಟು ತೊಳೆದು ಹಿಂಡಿ ಉಂಡೆ ಕಟ್ಟಿದರೂ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು ಉಳಿದಿರುತ್ತದೆ.

ಆತ್ಮ ಬೆಣ್ಣೆಯಾದರೆ ಈ ಮಜ್ಜಿಗೆ ಯಾವುದು ಸ್ವಾಮಿ ಎಂದು ಊರ ದೇವಸ್ಥಾನದಲ್ಲಿ ಒಮ್ಮೆ ಕೇಳಿಯೇಬಿಟ್ಟೆ. ಒಳ್ಳೆಯ ಪ್ರಶ್ನೆ ತಾಯೀ ಎಂದ ಪ್ರವಚನಕಾರರು ಮಂಗಳಾರತಿಗೆ ಹೊತ್ತಾಯಿತೆಂದು ಎದ್ದರು.